ಬೀಗ ಹಾಕಿದ ಭವನ, ಬೇವಿನ ಕೆಳಗಿನ ಹುಡುಗರು

ಗುದ್ದಲಿ ಪೂಜೆಯ ಸುದ್ದಿ ನಮಗೆ ಬಾಯಿಪಾಠ. 'ಗ್ರಾಮದಲ್ಲಿ ಇಷ್ಟು ಲಕ್ಷ ರೂಪಾಯಿ ವೆಚ್ಚದ ಸಮುದಾಯ ಭವನ ಕಾಮಗಾರಿಗೆ ಶಾಸಕರು ಭೂಮಿಪೂಜೆ ನೆರವೇರಿಸಿದರು. ಗುಣಮಟ್ಟ ಕಾಯ್ದುಕೊಳ್ಳುವಂತೆ ಗುತ್ತಿಗೆದಾರರಿಗೆ ಸೂಚಿಸಿದರು.' ಊರಿನ ಹೆಸರು, ಲಕ್ಷದ ಲೆಕ್ಕ ಬದಲಿಸಿದರೆ ಸಾಕು, ಸುದ್ದಿ ತಯಾರು. ಕೆಳಗೆ ವೇದಿಕೆ ಮೇಲಿದ್ದ ಇಪ್ಪತ್ತು ಮಂದಿಯ ಹೆಸರು. ಒಂದು ಹೆಸರು ಬಿಟ್ಟುಹೋದರೆ ಮರುದಿನ ಬೆಳಿಗ್ಗೆ ಫೋನ್ ಖಾತ್ರಿ. ವರ್ಷ ಕಳೆದ ಮೇಲೆ ಉದ್ಘಾಟನೆಯ ಸುದ್ದಿ, ಟೇಪು ಕತ್ತರಿಸುವ ಫೋಟೊ. ಅಲ್ಲಿಗೆ ಮುಗಿಯಿತು. ಆ ಕಟ್ಟಡದೊಳಗೆ ಯಾರಾದರೂ ಕುಳಿತರೇ, ಕುಳಿತರೆ ಎಷ್ಟು ಹೊತ್ತು ಕುಳಿತರು ಎಂದು ನೋಡಲು ನಾವು ಮತ್ತೆ ಹೋಗುವುದಿಲ್ಲ. ಆ ತಿರುಗಾಟಕ್ಕೆ ಯಾವ ಪತ್ರಿಕೆಯೂ ಕಾಲಂ ಲೆಕ್ಕದಲ್ಲಿ ದುಡ್ಡು ಕೊಡುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಹೋದೆವು. ಕಲಬುರಗಿ ಜಿಲ್ಲೆಯ ಒಂದು ಹಳ್ಳಿ, ಮಧ್ಯಾಹ್ನ ಎರಡು ಗಂಟೆ. ಊರಿನಲ್ಲಿ ಭವನಗಳಿಗೆ ಬರವಿರಲಿಲ್ಲ. ಒಂದು ಸರ್ಕಾರಿ ಸಮುದಾಯ ಭವನ, ಎರಡು ಜಾತಿಯವರ ಎರಡು ಭವನ, ಪಂಚಾಯಿತಿ ಪಕ್ಕದಲ್ಲಿ ಗ್ರಂಥಾಲಯದ ಕೋಣೆ. ಮೂರು ಭವನಗಳಿಗೂ ಬೀಗ. ಗ್ರಂಥಾಲಯ ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಹನುಮಂತನ ಗುಡಿಯ ಹಿಂದಿನ ಬೇವಿನ ಗಿಡದ ಕೆಳಗೆ ಆರೇಳು ಹುಡುಗರು ಗೋಣಿಚೀಲ ಹಾಸಿಕೊಂಡು ಕುಳಿತಿದ್ದರು. ಕೈಯಲ್ಲಿ ಕಾನ್‌ಸ್ಟೇಬಲ್ ಪರೀಕ್ಷೆಯ ಗೈಡು, ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸು. 'ಭವನದಾಗ ಯಾಕ ಕುಂದರಂಗಿಲ್ಲ?' ಎಂದು ಕೇಳಿದೆವು. ಒಬ್ಬ ನಕ್ಕ. 'ಅಲ್ಲಿ ಕುಂತ್ರ ಹಂಚಿನ ಮ್ಯಾಲಿನ ರೊಟ್ಟಿ ಆಗ್ತೀವ್ರಿ ಸರ.'

ನಾವೂ ನಕ್ಕೆವು. ಆಮೇಲೆ ಅದೇ ಊರಿನ ಒಂದು ಮನೆಯಲ್ಲಿ ನೀರು ಕುಡಿಯುವಾಗ ಬಿ.ಎ. ಮುಗಿಸಿದ ಒಬ್ಬ ಹುಡುಗಿ ಹೇಳಿದ ಮಾತು ನಗುವನ್ನು ನಿಲ್ಲಿಸಿತು. ಅವಳೂ ಅದೇ ಪರೀಕ್ಷೆಗೆ ಅರ್ಜಿ ಹಾಕಿದ್ದಳು. 'ಗಿಡದ ಕೆಳಗ ನಾವು ಕೂಡಂಗಿಲ್ಲಲ್ರಿ' ಎಂದಳು. ತಗಡಿನ ಮನೆ, ಎರಡು ಕೋಣೆ, ಆರು ಜನ. ಅವಳು ಓದುವುದು ಬೆಳಗಿನ ಜಾವ ನಾಲ್ಕರಿಂದ ಆರರವರೆಗೆ ಮಾತ್ರ.

ಹುಡುಗರಿಗೆ ಮರವಾದರೂ ಇದೆ. ಊರಿನಲ್ಲಿ ಸಾರ್ವಜನಿಕ ದುಡ್ಡಿನಿಂದ ಕಟ್ಟಿದ ನಾಲ್ಕು ಗೋಡೆಗಳು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವಳಿಗೆ ಅವು ಮುಚ್ಚಿವೆ. ಮೊದಲನೆಯದು ಬೀಗ, ಎರಡನೆಯದು ಬಿಸಿ. ಬೀಗದ ಬಗ್ಗೆ ಆಗೀಗ ಯಾರಾದರೂ ಬರೆಯುತ್ತಾರೆ. ಬಿಸಿಯನ್ನು ಮಾತ್ರ ದೇವರ ಮೇಲೆ ಹಾಕಿ ಸುಮ್ಮನಾಗುತ್ತೇವೆ. ನಮ್ಮ ತಕರಾರು ಇರುವುದೇ ಇಲ್ಲಿ. ಹೊರಗಿನ ಬಿಸಿಲು ದೇವರದ್ದಿರಬಹುದು, ಒಳಗಿನ ಬಿಸಿ ಎಂಜಿನಿಯರ್ ಸಹಿ ಹಾಕಿದ ನಕ್ಷೆಯದ್ದು.

ನಮ್ಮ ಭಾಗದ ಬಿಸಿಲು ಸರ್ಕಾರಕ್ಕೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಮಧ್ಯಾಹ್ನದ ಮೇಲೆ ಕಟ್ಟಡದೊಳಗೆ ಕುಳಿತು ಕೆಲಸ ಮಾಡಲು ಆಗುವುದಿಲ್ಲ ಎಂದು ಸರ್ಕಾರವೇ ಆದೇಶದಲ್ಲಿ ಒಪ್ಪಿಕೊಂಡಂತಾಯಿತು. ಹಾಗೆ ಒಪ್ಪಿದ ಸರ್ಕಾರ, ಅದೇ ಜಿಲ್ಲೆಯ ಹಳ್ಳಿಯ ಯುವಕರಿಗೆ ಕಟ್ಟಿಸುವ ಭವನಕ್ಕೆ ಬೆಂಗಳೂರಿನ ಹವೆಗೆ ಸರಿಯಾಗಬಹುದಾದ ಪೆಟ್ಟಿಗೆಯನ್ನೇ ಕಳಿಸುತ್ತದೆ. ನೌಕರರಿಗೆ ವೇಳೆ ಬದಲಾಗುತ್ತದೆ, ಕಟ್ಟಡದ ನಕ್ಷೆ ಬದಲಾಗುವುದಿಲ್ಲ.

ಆ ಪೆಟ್ಟಿಗೆ ಹೇಗಿರುತ್ತದೆ ಎಂದು ಓದುಗರಿಗೆ ಹೇಳಬೇಕಿಲ್ಲ. ಉದ್ದನೆಯ ಒಂದು ಹಾಲ್, ಒಂದು ತುದಿಗೆ ವೇದಿಕೆ, ಸಿಮೆಂಟ್ ಇಟ್ಟಿಗೆಯ ತೆಳು ಗೋಡೆ, ಮೇಲೆ ನಾಲ್ಕೈದು ಇಂಚಿನ ಆರ್‌ಸಿಸಿ ಚಪ್ಪಡಿ, ಎರಡೂ ಬದಿ ಗಾಜಿನ ಸರಕು ಕಿಟಕಿ. ಮುಖ ರಸ್ತೆ ಕಡೆಗೆ. ರಸ್ತೆ ಪಶ್ಚಿಮಕ್ಕಿದ್ದರೆ ಭವನದ ಮುಖವೂ ಪಶ್ಚಿಮಕ್ಕೆ. ಮರವಿದ್ದರೆ ಪಾಯ ತೋಡುವಾಗಲೇ ಹೋಗುತ್ತದೆ. ಸುತ್ತ ಸಿಮೆಂಟ್ ಅಂಗಳ.

ಇದರಲ್ಲಿ ಬಿಸಿ ಹುಟ್ಟುವ ಬಗೆ ಸರಳ. ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಹಾಗಾಗಿ ಮೇ ತಿಂಗಳ ಮೊದಲರ್ಧದಲ್ಲಿ ಸೂರ್ಯ ಮಧ್ಯಾಹ್ನ ನೇರ ನೆತ್ತಿಯ ಮೇಲೆ ಬರುತ್ತಾನೆ. ಕಂಬಕ್ಕೂ ನೆರಳಿರದ ಆ ಹೊತ್ತಿನಲ್ಲಿ ಇಡೀ ಪೆಟ್ಟು ಬೀಳುವುದು ಛಾವಣಿಗೆ. ಕಪ್ಪಾಗಿ ಪಾಚಿಗಟ್ಟಿದ ಬರಿ ಕಾಂಕ್ರೀಟು ಅದನ್ನು ಕುಡಿಯುತ್ತದೆ. ಕೆಲವು ತಾಸಿನ ನಂತರ ಒಳಗಿನವರ ತಲೆಯ ಮೇಲೆ ಸುರಿಯುತ್ತದೆ. ಹೊಲ, ಕಾಲೇಜು, ಕೂಲಿ ಮುಗಿಸಿ ಹುಡುಗರು ಕೂರಬೇಕೆನ್ನುವ ಸಂಜೆ ಐದರಿಂದ ಎಂಟರವರೆಗಿನ ಹೊತ್ತಿಗೇ ಆ ಚಪ್ಪಡಿ ಒಳಗೆ ಬಿಸಿ ಉಗುಳುತ್ತಿರುತ್ತದೆ. ಹೊರಗೆ ಗಾಳಿ ತಣ್ಣಗಾದರೂ ಒಳಗೆ ಬೇಗೆ. ಫ್ಯಾನು ಹಾಕಿದರೆ ಅದೇ ಬಿಸಿಗಾಳಿ ತಿರುಗುತ್ತದೆ. ಕರೆಂಟು ಹೋದರೆ ಅದೂ ಇಲ್ಲ.

ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು. ಈ ಕಡೆಯ ಮಾಳಿಗೆ ಮನೆಯ ಗೋಡೆ ಒಂದು ಮೊಳಕ್ಕಿಂತ ದಪ್ಪ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಸೊಪ್ಪು ಕಡ್ಡಿ ಹಾಸಿ ಮೊಣಕೈ ಎತ್ತರದ ಮಣ್ಣು. ಬಿಸಿಲು ಅಷ್ಟು ಮಣ್ಣನ್ನು ದಾಟಿ ಬರುವಷ್ಟರಲ್ಲಿ ರಾತ್ರಿಯಾಗಿ, ಜನ ಮಾಳಿಗೆ ಮೇಲೆ ಮಲಗಲು ಹೋಗಿರುತ್ತಿದ್ದರು. ಮೇಲೊಂದು ಬೆಳಕಿಂಡಿ. ಬೆಳಕೂ ಬರುತ್ತಿತ್ತು, ಮೇಲೆದ್ದ ಬಿಸಿಗಾಳಿಯೂ ಹೋಗುತ್ತಿತ್ತು. ಮುಂದೆ ಪಡಸಾಲೆ, ಹೊರಗೆ ಕಟ್ಟೆ. ಊರಿನ ಹುಡುಗರು ಹರಟೆ, ಭಜನೆ, ಪಗಡೆ ನಡೆಸುತ್ತಿದ್ದದ್ದು ಅಲ್ಲಿ.

ಇಲ್ಲೇ ಒಂದು ಮಾತು ಸ್ಪಷ್ಟ ಮಾಡಬೇಕು. 'ಹಳೇದೇ ಚಂದ' ಎಂದು ಹಾಡುವವರ ಸಾಲಿಗೆ ನಾವು ಸೇರಿಲ್ಲ. ಮಾಳಿಗೆ ಮನೆಯಲ್ಲಿ ಚೇಳು ಬೀಳುತ್ತಿತ್ತು, ಮಳೆಗಾಲದಲ್ಲಿ ಸೋರುತ್ತಿತ್ತು. ಗೋಡೆ ಕುಸಿದು ಜನ ಸತ್ತ ಸುದ್ದಿಯನ್ನು ನಾವೇ ಪ್ರತಿ ಮಳೆಗಾಲ ಬರೆಯುತ್ತೇವೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದಾಗ ಮಣ್ಣಿನ ಮನೆಗಳು ಹೇಗೆ ಕರಗಿದವು ಎಂಬುದನ್ನು ಕಣ್ಣಾರೆ ಕಂಡಿದ್ದೇವೆ. ಗಟ್ಟಿ ತೊಲೆಯ ದೊಡ್ಡ ಮಾಳಿಗೆ ಗೌಡರ ಓಣಿಯಲ್ಲಿತ್ತು, ಕೇರಿಯಲ್ಲಿದ್ದದ್ದು ಕುಸಿಯುವ ಗೋಡೆ. ಆದ್ದರಿಂದಲೇ ಆರ್‌ಸಿಸಿ ಎಂದರೆ ನಮ್ಮ ಜನರಿಗೆ ಮರ್ಯಾದೆ. 'ನಮ್ಮ ಓಣಿಗೂ ಆರ್‌ಸಿಸಿ ಭವನ ಬೇಕು' ಎಂದು ಕೇಳುವವರಿಗೆ ಪೇಟೆಯಿಂದ ಬಂದವರು 'ಮಣ್ಣಿನಲ್ಲಿ ಕಟ್ಟಿಕೊಳ್ಳಿ, ಪರಿಸರಕ್ಕೆ ಒಳ್ಳೆಯದು' ಎಂದು ಉಪದೇಶ ಮಾಡಿದರೆ ಅವರು ಬೈಯುತ್ತಾರೆ. ಬೈಯಬೇಕು ಕೂಡ. ಬಡವರ ಮನೆಯ ಮೇಲೆ ಪ್ರಯೋಗ ಮಾಡಬೇಡಿ. ಸರ್ಕಾರ ಮೊದಲು ತನ್ನ ಕಟ್ಟಡದಲ್ಲಿ ಮಾಡಿ ತೋರಿಸಲಿ. ಊರಿನಲ್ಲೇ ಅತಿ ಚಂದದ, ಅತಿ ಗಟ್ಟಿಯಾದ, ಅತಿ ತಂಪಾದ ಕಟ್ಟಡ ಊರಿನ ಎಳೆಯರದ್ದಾಗಿರಲಿ. ಆಗ ಮರ್ಯಾದೆಯ ಅರ್ಥ ತಾನಾಗಿ ಬದಲಾಗುತ್ತದೆ.

ಇದು ಕನಸಲ್ಲ, ಬೇರೆ ಕಡೆ ಆಗಿದೆ. ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊ ನಮಗಿಂತ ಬಡ ದೇಶ, ಬಿಸಿಲಿನಲ್ಲಿ ನಮ್ಮ ಅಣ್ಣ. ಅಲ್ಲಿನ ಗಾಂಡೊ ಎಂಬ ಹಳ್ಳಿಯ ಹುಡುಗ ಫ್ರಾನ್ಸಿಸ್ ಕೆರೆ. ಬರ್ಲಿನ್‌ನಲ್ಲಿ ವಾಸ್ತುಶಿಲ್ಪ ಓದುತ್ತಿರುವಾಗಲೇ ದುಡ್ಡು ಕೂಡಿಸಿ ತನ್ನೂರಿಗೆ ಶಾಲೆ ಕಟ್ಟಿದ. 2001ರಲ್ಲಿ ಅದು ಮುಗಿಯಿತು. ಅಲ್ಲಿನ ಜನರಿಗೂ ಮಣ್ಣೆಂದರೆ ಅನುಮಾನವಿತ್ತು, ಮಳೆಗೆ ನಿಲ್ಲುವುದಿಲ್ಲ ಎಂದು. ಅವನು ಸ್ಥಳೀಯ ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದ ಇಟ್ಟಿಗೆಯಿಂದ ಗೋಡೆ ಎಬ್ಬಿಸಿದ. ಒಳಗೆ ಮಣ್ಣಿಟ್ಟಿಗೆಯದೇ ಒಂದು ಛತ್ತು, ಅದರಿಂದ ಎತ್ತರಕ್ಕೆ ಕಬ್ಬಿಣದ ಸಳಿಗಳ ಮೇಲೆ ಅಗಲವಾದ ತಗಡಿನ ಛಾವಣಿ. ಎರಡರ ನಡುವೆ ಗಾಳಿ ಆಡುತ್ತದೆ, ತಗಡಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಚಾಚಿದ ತಗಡು ಗೋಡೆಗೆ ಮಳೆಯೂ ಬಿಸಿಲೂ ತಾಗದಂತೆ ಕಾಯುತ್ತದೆ. ಊರವರೇ ಕಲ್ಲು ಹೊತ್ತರು, ಇಟ್ಟಿಗೆ ಒತ್ತಿದರು. 2022ರಲ್ಲಿ ಅವನಿಗೆ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ನಮ್ಮಲ್ಲೂ ತಗಡಿದೆ, ಮಣ್ಣಿದೆ, ಹೊರಲು ಹೆಗಲಿದೆ. ಇಲ್ಲದಿರುವುದು ಆ ಎರಡು ಛಾವಣಿಯ ನಡುವೆ ಗಾಳಿಗೆ ಜಾಗ ಬಿಡಬೇಕೆಂಬ ಬುದ್ಧಿ.

ಆಫ್ರಿಕ ದೂರವಾದರೆ ರಾಜಸ್ಥಾನಕ್ಕೆ ಬನ್ನಿ. ಜೈಸಲ್ಮೇರ್ ಬಳಿಯ ಕನೋಯಿ ಹಳ್ಳಿಯಲ್ಲಿ ರಾಜಕುಮಾರಿ ರತ್ನಾವತಿ ಬಾಲಕಿಯರ ಶಾಲೆ ಇದೆ. ಮರುಭೂಮಿಯ ನಡುವೆ ಮೊಟ್ಟೆಯಾಕಾರದ ಕಟ್ಟಡ. ಅಲ್ಲಿಯದೇ ಹಳದಿ ಮರಳುಗಲ್ಲು, ಅಲ್ಲಿಯದೇ ಕಲ್ಲುಕುಟಿಗರು, ಗಾಳಿಗೆ ಜಾಲಂದ್ರದ ಗೋಡೆ, ಏಸಿ ಇಲ್ಲ. ಬಾಂಗ್ಲಾದೇಶದ ರುದ್ರಾಪುರದಲ್ಲಿ ಆನಾ ಹೆರಿಂಗರ್ ಎಂಬಾಕೆ ಊರವರ ಜೊತೆ ಸೇರಿ ಮಣ್ಣು, ಬಿದಿರಿನಿಂದ ಎರಡಂತಸ್ತಿನ ಶಾಲೆಯನ್ನೇ ಕಟ್ಟಿದರು. ಅದು ನಮಗಿಂತ ಎಷ್ಟೋ ಹೆಚ್ಚು ಮಳೆ ಬೀಳುವ ನಾಡು.

ಇಷ್ಟೆಲ್ಲ ಏಕೆ, ಬೆಂಗಳೂರಿನಲ್ಲೇ ಇದೆ ಪಾಠಶಾಲೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಕೇಂದ್ರ ಕಟ್ಟಿದರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸುಡದೇ ಒತ್ತಿ ಮಾಡುವ ಮಣ್ಣಿಟ್ಟಿಗೆಯ ಮೇಲೆ ದಶಕಗಳ ಕೆಲಸ ಮಾಡಿದರು. ಬೆಂಗಳೂರಿನ ಎಷ್ಟೋ ಉಳ್ಳವರು ಇಂದು ಆ ಇಟ್ಟಿಗೆಯಲ್ಲಿ ಮನೆ ಕಟ್ಟಿಸಿಕೊಂಡು ತಂಪಾಗಿದ್ದಾರೆ. ಹಳ್ಳಿಗೆಂದು ಹುಟ್ಟಿದ ಇಟ್ಟಿಗೆ ಬೆಂಗಳೂರಿನ ಬಡಾವಣೆ ಸೇರಿತು, ಬಡಾವಣೆಯ ಕಾಂಕ್ರೀಟು ಹಳ್ಳಿ ಸೇರಿತು. ಇದಕ್ಕಿಂತ ದೊಡ್ಡ ಚೇಷ್ಟೆ ಯಾವುದಿದೆ?

ಇನ್ನೊಂದು ಚೇಷ್ಟೆಯೂ ಇದೆ. ಜಿಲ್ಲೆಗೊಂದರಂತೆ ಇರುವ ನಿರ್ಮಿತಿ ಕೇಂದ್ರಗಳ ಮೂಲ ಕೇರಳದ ಕೊಲ್ಲಂ. ಎಂಬತ್ತರ ದಶಕದ ಮಧ್ಯದಲ್ಲಿ, ನೆರೆಯ ನಂತರ ಅಲ್ಲಿ ಮೊದಲನೆಯದು ಹುಟ್ಟಿತು. ಕಡಿಮೆ ಖರ್ಚಿನ, ಸ್ಥಳೀಯ ಸಾಮಗ್ರಿಯ ಕಟ್ಟಡ ವಿಧಾನಗಳನ್ನು ಗೌಂಡಿಗಳಿಗೆ ಕಲಿಸುವುದು, ಕಟ್ಟಿ ತೋರಿಸುವುದು ಅದರ ಉದ್ದೇಶ. ಅದರ ಹಿಂದೆ ಲಾರಿ ಬೇಕರ್ ಅವರಂಥವರ ಕೆಲಸದ ಪ್ರಭಾವವಿತ್ತು. ಇಟ್ಟಿಗೆಯನ್ನು ಅಡ್ಡ ನಿಲ್ಲಿಸಿ ಗೋಡೆಯೊಳಗೆ ಪೊಳ್ಳು ಬಿಡುವ 'ರ‍್ಯಾಟ್ ಟ್ರ್ಯಾಪ್' ಕಟ್ಟಣೆಯನ್ನು ಕೇರಳದಲ್ಲಿ ಮನೆಮಾತು ಮಾಡಿದವರು ಬೇಕರ್. ಅದರಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಪೊಳ್ಳಿನ ಗಾಳಿ ಬಿಸಿಯನ್ನು ತಡೆಯುತ್ತದೆ. ಚಪ್ಪಡಿಯ ಕೆಳಭಾಗದಲ್ಲಿ ಕಾಂಕ್ರೀಟಿನ ಬದಲು ಮಂಗಳೂರು ಹೆಂಚು ತುಂಬುವ ವಿಧಾನವೂ ಅವರದ್ದೇ ಬಳಕೆ. ಆ ಉದ್ದೇಶವನ್ನು ಜಿಲ್ಲೆ ಜಿಲ್ಲೆಯಲ್ಲೂ ಮತ್ತೆ ನೆನಪಿಸುವ ಕಾಲ ಬಂದಿದೆ. 'ಈ ವರ್ಷ ಎಷ್ಟು ಗೌಂಡಿಗಳಿಗೆ ಏನು ಕಲಿಸಿದಿರಿ?' ಎಂದು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕುವುದು ಯಾರಿಗೂ ಕಷ್ಟವಲ್ಲ.

ಮಣ್ಣಿಟ್ಟಿಗೆಯೇ ಎಲ್ಲ ಕಡೆಗೂ ಮದ್ದಲ್ಲ. ನಮ್ಮ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದನ್ನು ಹಾಗೇ ಒತ್ತಿದರೆ ಇಟ್ಟಿಗೆಯಾಗುವುದಿಲ್ಲ. ಆದರೆ ನಮಗೆ ಕಲ್ಲಿದೆ. ಶಹಾಬಾದ್ ಕಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ಸೇಡಂ, ಚಿತ್ತಾಪುರದ ಸುಣ್ಣದ ಕಲ್ಲನ್ನು ಅಗೆದು ವಾಡಿಯಲ್ಲಿ, ಮಳಖೇಡದಲ್ಲಿ ಸುಟ್ಟು ಸಿಮೆಂಟ್ ಮಾಡುತ್ತಾರೆ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 7–8 ಬರುವುದು ಸಿಮೆಂಟಿನಿಂದ. ನಮ್ಮ ಕಲ್ಲು ಸುಟ್ಟು ಪುಡಿಯಾಗಿ, ಚೀಲದಲ್ಲಿ ತುಂಬಿ, ನಮ್ಮೂರಿಗೇ ಒಲೆಯಾಗಿ ವಾಪಸ್ ಬರುತ್ತದೆ. ಅದೇ ಕಲ್ಲನ್ನು ಸುಡದೆ ದಪ್ಪ ಗೋಡೆಯಾಗಿ ಇಟ್ಟರೆ ಹಗಲು ತಂಪು. ಕಲ್ಲು ಕೆಲಸ ಬಲ್ಲ ಗೌಂಡಿಗಳು ಇನ್ನೂ ಇದ್ದಾರೆ. ಆದರೆ ಅವರ ಮಕ್ಕಳು ಇಂದು ಪುಣೆ, ಮುಂಬೈ, ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕಟ್ಟುತ್ತಿದ್ದಾರೆ. ಯುವಕರಿಗೆಂದು ಕಟ್ಟುವ ಭವನದ ದುಡ್ಡಿನಲ್ಲಿ ಊರಿನ ಯುವಕರ ಕೈಗೇ ಕೂಲಿ, ಕಸುಬು ಎರಡೂ ಸಿಗುವ ದಾರಿ ಇದು.

ಕಟ್ಟಡಗಳಿಗೆ ಸಂಬಂಧಿಸಿ ನಮ್ಮ ದೇಶವನ್ನು ಐದು ಹವಾಮಾನ ವಲಯಗಳಾಗಿ ಹಂಚಿದ್ದಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಅದನ್ನು ಹೇಳುತ್ತದೆ. ಮಂಗಳೂರಿನ ಸೆಕೆಗೆ ಗಾಳಿ ಆಡಬೇಕು, ಅಲ್ಲಿ ದೊಡ್ಡ ಕಿಟಕಿ, ಇಳಿಜಾರು ಹೆಂಚು, ಮುರಕಲ್ಲು ಸರಿ. ನಮ್ಮ ಒಣ ಬಿಸಿಲಿಗೆ ಅದು ಸರಿಯಲ್ಲ. ಇಲ್ಲಿ ಹಗಲು ಕಿಟಕಿ ಮುಚ್ಚಬೇಕು, ರಾತ್ರಿ ತೆರೆದು ತಂಪು ತುಂಬಿಕೊಳ್ಳಬೇಕು. ಗೋಡೆ ದಪ್ಪವಿರಬೇಕು, ಕಿಟಕಿ ಸಣ್ಣವಿರಬೇಕು, ಮೇಲೆ ಬೆಳಕಿಂಡಿ ಇರಬೇಕು. ಉದ್ದದ ಗೋಡೆಗಳು ಉತ್ತರ ದಕ್ಷಿಣಕ್ಕೆ, ಪಶ್ಚಿಮಕ್ಕೆ ಮೋಟು ಗೋಡೆ ಮತ್ತು ಮರ. ಇದಕ್ಕೆ ಒಂದು ಪೈಸೆಯೂ ಹೆಚ್ಚು ಬೇಡ, ಕಾಗದದ ಮೇಲೆ ನಕ್ಷೆಯನ್ನು ತೊಂಬತ್ತು ಡಿಗ್ರಿ ತಿರುಗಿಸಿದರೆ ಸಾಕು. ಅದನ್ನು ತಿರುಗಿಸದಿರುವುದಕ್ಕೆ ಇರುವ ಕಾರಣ ಒಂದೇ: ಉದ್ಘಾಟನೆಯ ಫೋಟೊದಲ್ಲಿ ಹೆಸರಿನ ಫಲಕ ರಸ್ತೆಗೆ ಕಾಣಬೇಕು.

'ಇಂಧನ ಉಳಿತಾಯದ ಕಟ್ಟಡಗಳಿಗೆ ನಿಯಮ ಇದೆಯಲ್ಲ' ಎನ್ನುತ್ತಾರೆ. ಇದೆ. ಕೇಂದ್ರದ ಆ ಸಂಹಿತೆ ಅನ್ವಯಿಸುವುದು ನೂರು ಕಿಲೋವಾಟ್ ಅಥವಾ ಹೆಚ್ಚು ವಿದ್ಯುತ್ ಸಂಪರ್ಕವಿರುವ ವಾಣಿಜ್ಯ ಕಟ್ಟಡಕ್ಕೆ. ನಾಲ್ಕು ಫ್ಯಾನು, ಆರು ಟ್ಯೂಬ್‌ಲೈಟಿನ ಹಳ್ಳಿ ಭವನ ಅದರ ಕಣ್ಣಿಗೆ ಬೀಳುವುದಿಲ್ಲ. ಏಸಿ ಹಾಕಿಕೊಳ್ಳಬಲ್ಲವರಿಗೆ ನಿಯಮ, ಹಾಕಿಕೊಳ್ಳಲಾಗದವರಿಗೆ ಬೆವರು. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿತು. ಅಹಮದಾಬಾದ್ 2013ರಲ್ಲೇ ಬಿಸಿಗಾಳಿ ಎದುರಿಸುವ ಯೋಜನೆ ಮಾಡಿತು. ಗಡಿ ದಾಟಿದರೆ ತಾಂಡೂರು, ಅಲ್ಲಿಯದೂ ಇದೇ ಬಿಸಿಲು, ಇದೇ ಕಲ್ಲು. ನಮ್ಮ ಹಳ್ಳಿ ಭವನದ ಛಾವಣಿಗೇಕೆ ಆ ತಂಪು ಇಲ್ಲ?

ಹೇಳುವುದಷ್ಟೇ ಸಾಲದು, ಕೇಳುವುದನ್ನೂ ಬರೆಯುತ್ತೇವೆ.

ಮೊದಲನೆಯದು, ಹೊಸ ಭವನ ಮಂಜೂರು ಮಾಡುವ ಮುನ್ನ ಇರುವುದನ್ನು ಬದುಕಿಸಿ. ಛಾವಣಿಗೆ ಪ್ರತಿ ಮಾರ್ಚ್‌ನಲ್ಲಿ ದಪ್ಪಗೆ ಸುಣ್ಣ ಬಳಿಯಿರಿ. ಕಿಟಕಿಗಳ ಮೇಲೆ ನೆರಳಿನ ಚಾಚು ಕೊಡಿ. ಗೋಡೆಯ ಮೇಲ್ತುದಿಯಲ್ಲಿ ಬಿಸಿಗಾಳಿ ಹೋಗಲು ಕಿಂಡಿ ಕೊರೆಯಿರಿ. ಪಶ್ಚಿಮಕ್ಕೆ ಬೇವು, ಹೊಂಗೆ ನೆಡಿ. ಸಾಧ್ಯವಿದ್ದಲ್ಲಿ ಚಪ್ಪಡಿಯ ಮೇಲೆ ಎರಡನೆಯ ನೆರಳಿನ ಛಾವಣಿ ಎಬ್ಬಿಸಿ. ಇವೆಲ್ಲ ಹೊಸ ಭವನದ ಖರ್ಚಿನ ಮುಂದೆ ಚಿಲ್ಲರೆ.

ಎರಡನೆಯದು, ಜಾತಿಗೊಂದು ಭವನಕ್ಕೆ ಸಾರ್ವಜನಿಕ ದುಡ್ಡು ಹಂಚುವುದನ್ನು ನಿಲ್ಲಿಸಿ. ಸಂಸದರಿಗೆ ವರ್ಷಕ್ಕೆ 5 ಕೋಟಿ ಕ್ಷೇತ್ರ ನಿಧಿ ಇದೆ, ಶಾಸಕರಿಗೆ ಅವರದ್ದೇ ನಿಧಿ ಇದೆ, 371(ಜೆ) ಹೆಸರಿನಲ್ಲಿ ನಮ್ಮ ಭಾಗಕ್ಕೆ ಪ್ರತ್ಯೇಕ ಮಂಡಳಿಯೇ ಇದೆ. ಬರ ದುಡ್ಡಿಗಲ್ಲ. ವರ್ಷಕ್ಕೆ ನಾಲ್ಕು ಮದುವೆ ನಡೆಯುವ ನಾಲ್ಕು ಭವನಕ್ಕಿಂತ, ವರ್ಷವಿಡೀ ತೆರೆದಿರುವ ಒಂದು ಭವನ ಊರಿಗೆ ಬೇಕು. ಜಾತಿ ಭವನದಲ್ಲಿ ಒಂದು ಓಣಿಯ ಹುಡುಗಿ ಇನ್ನೊಂದು ಓಣಿಯ ಹುಡುಗಿಯ ಪಕ್ಕ ಕುಳಿತು ಓದಲಾರಳು.

ಮೂರನೆಯದು, 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಅವುಗಳಿಗೆ ಪುಸ್ತಕ ಬಂದಿವೆ, ಕಂಪ್ಯೂಟರ್ ಬಂದಿವೆ, 'ಅರಿವು ಕೇಂದ್ರ' ಎಂಬ ಹೆಸರೂ ಬಂದಿದೆ. ಇದನ್ನು ಮನಸಾರೆ ಮೆಚ್ಚುತ್ತೇವೆ. ಆದರೆ ಅರಿವಿಗೆ ಕೂರಲು ತಂಪು ಜಾಗ ಬೇಕು. ಓದುವ ಕೋಣೆ, ಆಡುವ ಅಂಗಳ, ನೆರಳಿನ ಪಡಸಾಲೆ, ಹೆಣ್ಣುಮಕ್ಕಳಿಗೆ ನೀರಿರುವ ಶೌಚಾಲಯ ಒಂದೇ ಆವರಣದಲ್ಲಿರಲಿ. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ತೆರೆದಿರಲಿ. ಕೀಲಿ ಅಧ್ಯಕ್ಷರ ಮನೆಯ ಮೊಳೆಗಲ್ಲ, ಓದುವವರ ಸಮಿತಿಯ ಕೈಗೆ ಹೋಗಲಿ. ಆ ಸಮಿತಿಯಲ್ಲಿ ಅರ್ಧ ಹುಡುಗಿಯರಿರಲಿ.

ನಾಲ್ಕನೆಯದು, ಲೋಕೋಪಯೋಗಿ ದರಪಟ್ಟಿ ಹಿಡಿದು ಕೂರುವ ಎಂಜಿನಿಯರರೇ, ವಲಯಕ್ಕೊಂದು ಮಾದರಿ ನಕ್ಷೆ ಮಾಡಿ. 'ದರಪಟ್ಟಿಯಲ್ಲಿ ಇಲ್ಲ' ಎಂಬುದು ಉತ್ತರವಲ್ಲ, ಪಟ್ಟಿ ಮಾಡಿದವರು ನೀವೇ. ನಕ್ಷೆ ಅಂತಿಮವಾಗುವ ಮುನ್ನ ಗ್ರಾಮಸಭೆಯಲ್ಲಿ ಹುಡುಗ ಹುಡುಗಿಯರ ಮುಂದೆ ಇಡಿ. ಸಂಜೆ ಆರು ಗಂಟೆಗೆ ಇದರೊಳಗೆ ಕೂರಲು ಆಗುತ್ತದೆಯೇ ಎಂದು ಕೇಳಿ.

ಕೊನೆಯದು ನಮಗೇ. ಈ ಬ್ಲಾಗು ಓದುವವರಲ್ಲಿ ಬಹುಪಾಲು ನಮ್ಮಂತೆಯೇ ತಾಲ್ಲೂಕಿನ ಸುದ್ದಿ ಹೊರುವವರು. ಎಷ್ಟು ಲಕ್ಷದ ಭವನ ಎಂದು ಬರೆದೆವೇ ಹೊರತು ಎಷ್ಟು ಡಿಗ್ರಿಯ ಭವನ ಎಂದು ಒಮ್ಮೆಯೂ ಬರೆಯಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಗೆಳೆಯರೆಲ್ಲ ನಿಮ್ಮ ನಿಮ್ಮ ಭಾಗದ ಒಂದೊಂದು ಭವನಕ್ಕೆ ಸಂಜೆ ಆರಕ್ಕೆ ಹೋಗಿ. ಬೀಗ ಇದೆಯೇ ನೋಡಿ. ಇಲ್ಲದಿದ್ದರೆ ಮೆಡಿಕಲ್ ಶಾಪಿನಲ್ಲಿ, ಪ್ರಯೋಗಾಲಯದ ಅಂಗಡಿಯಲ್ಲಿ ಸಿಗುವ ಸಾದಾ ಗೋಡೆ ಥರ್ಮಾಮೀಟರ್ ಒಂದನ್ನು ಒಳಗೆ ಅರ್ಧ ತಾಸು, ಹೊರಗೆ ಮರದ ಕೆಳಗೆ ಅರ್ಧ ತಾಸು ಇಟ್ಟು ಫೋಟೊ ತೆಗೆಯಿರಿ. ಕಟ್ಟಿಸಿದವರ ಹೆಸರಿನ ಫಲಕವೂ ಆ ಫೋಟೊದಲ್ಲಿ ಬರಲಿ. ಅದೇ ಸುದ್ದಿ.

ನಾವು ಆ ಊರಿನಿಂದ ಹೊರಡುವಾಗ ಸಂಜೆಯಾಗಿತ್ತು. ಬೇವಿನ ಕೆಳಗೆ ಬೆಳಕು ಹೋಗಿ ಹುಡುಗರು ಗೋಣಿಚೀಲ ಝಾಡಿಸುತ್ತಿದ್ದರು. ಭವನದ ಮುಂದಿನ ಬೀದಿದೀಪ ಹತ್ತಿತ್ತು. ಅದರ ಬೆಳಕು ಬಿದ್ದದ್ದು ಬೀಗದ ಮೇಲೆ.